ಬೀಗರು ತಲುಪುವವರೆಗೆ

“ಮಗಳನ್ನ ಧಾರೆ ಎರೆದು ಕೊಡೋಕೆ ಬರದ ಮನುಷ್ಯ, ಈಗ ಆಕಾಶಕ್ಕೆ ಹೋಗ್ತಾನಂತೆ!”

ವಿಲಾಯಿತಿಯ ಪಿನ್ನರ್‌ನ ಆ ಮನೆಯ ಅಡುಗೆಕೋಣೆಯಿಂದ ಅತ್ತೆ ಕಲ್ಯಾಣಿಯ ಮಾತು ಹಾಲ್‌ವರೆಗೂ ಕೇಳಿಸಿತು. ಟಿ.ವಿ. ಮುಂದೆ ಕುಳಿತಿದ್ದ ಯೂಟಿಂಗ್ ತುಟಿ ಕಚ್ಚಿಕೊಂಡಳು. ಶಿಶಿರನ ಕೈಹಿಡಿದು ಬಂದ ಈ ಚೀನೀ ಹುಡುಗಿಗೆ ಈಗ ಕನ್ನಡ ಅರ್ಥವಾಗುತ್ತಿತ್ತು. ಅರ್ಥವಾಗದಿದ್ದರೇ ಚೆನ್ನಾಗಿತ್ತು ಎನ್ನಿಸುವಷ್ಟು! ತನ್ನನ್ನು ಏನಾದರೂ ಅನ್ನಲಿ... ಅಪ್ಪನನ್ನು ಒಂದು ದಿನವಾದರೂ ಈ ಮನೆಗೆ ಸೇರಿದವರೆಂದು ಎಣಿಸಬಾರದೇ?

ಕಲ್ಯಾಣಿ ಒಗ್ಗರಣೆ ಅವಲಕ್ಕಿಯ ತಟ್ಟೆ ತಂದುಕೊಟ್ಟು ಸೋಫಾದ ತುದಿಯಲ್ಲಿ ಕುಳಿತಳು. ಪರದೆಯ ಮೇಲೆ ಮರುಭೂಮಿ, ಬಿಳಿಯ ಉಡುಪಿನ ಮೂವರು. ನಡುವೆ ನಿಂತಿದ್ದ ಯೂಟಿಂಗ್‌ಳ ಅಪ್ಪ ಕೈಯೆತ್ತಿ ಸೆಲ್ಯೂಟ್ ಹೊಡೆದ.

“ತಲೆ ಬೆಳ್ಳಗಾದೋರನ್ನೂ ಕಳಿಸ್ತಾರಾ?”

“ಕಪ್ಪಗಿದ್ದಾಗ ಯುದ್ಧವಿಮಾನ ಓಡಿಸುತ್ತಿದ್ದರು, ಅತ್ತೆ. ಆಮೇಲೆ ಇದಕ್ಕೆ ಆರಿಸಿದರು. ಆದರೆ ಇಷ್ಟು ವರ್ಷ ಪ್ರತಿ ಸಲವೂ ಬದಲಿ ಆಳು. ನಮ್ಮ ಮದುವೆಯ ದಿನವೂ ಅಷ್ಟೇ... ಹೋಗುವವರಿಗೆ ಜ್ವರ ಬಂದರೆ ಇವರು ಹೋಗಬೇಕಿತ್ತು. ಯಾರಿಗೂ ಹೇಳುವ ಹಾಗಿರಲಿಲ್ಲ.”

“ಜ್ವರ ಬಂತಾ?”

“ಇಲ್ಲ.”

ಕಲ್ಯಾಣಿ ಮತ್ತೆ ಪರದೆಯತ್ತ ತಿರುಗಿದಳು. ಯೂಟಿಂಗ್‌ಗೆ ತನ್ನ ಊರು ನೆನಪಾಯಿತು. ತಾಯಿಯಿಲ್ಲದ ಬಾಲ್ಯದಲ್ಲಿ, ತಲೆಯ ಮೇಲೆ ವಿಮಾನ ಗುಡುಗಿದಾಗಲೆಲ್ಲ ಅಜ್ಜಿ “ಅಗೋ, ನಿಮ್ಮಪ್ಪ” ಎನ್ನುತ್ತಿದ್ದಳು. ಯಾವ ವಿಮಾನ ಕಂಡರೂ ಅವಳು ಕೈ ಬೀಸುತ್ತಿದ್ದಳು. ಅಪ್ಪನೆಂದರೆ ಅವಳ ಪಾಲಿಗೆ ಅಷ್ಟೇ... ದೂರ ಹೋಗುವ ಒಂದು ಸದ್ದು!

ಬೆಂಕಿ ಉಗುಳುತ್ತ ರಾಕೆಟ್ ಮೇಲೆದ್ದಿತು. ಯೂಟಿಂಗ್ ಚೀರಿ ಎದ್ದಳು. ತೊಡೆಯ ಮೇಲಿನ ತಟ್ಟೆ ಮಗುಚಿ ಅವಲಕ್ಕಿಯೆಲ್ಲ ಕಾರ್ಪೆಟ್ ಪಾಲಾಯಿತು. ನಾಚಿಕೆಯಿಂದ ಕುಗ್ಗಿ, ಕಣ್ಣೀರು ಒರೆಸಿಕೊಳ್ಳುತ್ತ ಓಡಿಹೋಗಿ ಕಸ ಹೀರುವ ಹೂವರ್ ಎಳೆದು ತಂದು ಪ್ಲಗ್ ಹಾಕಿದಳು.

“ಮುಟ್ಬೇಡ ಅದನ್ನ!”

ಕಲ್ಯಾಣಿ ಪ್ಲಗ್ ಕಿತ್ತೇಬಿಟ್ಟಳು. ಯೂಟಿಂಗ್ ಹಿಂದೆ ಸರಿದಳು. “ತಪ್ಪಾಯಿತು ಅತ್ತೆ... ಈಗಲೇ ತೆಗೆಯುತ್ತೇನೆ...”

“ತಪ್ಪೂ ಇಲ್ಲ, ಒಪ್ಪೂ ಇಲ್ಲ. ಹೊರಟವರ ಬೆನ್ನಿಗೇ ಕಸ ಗುಡಿಸ್ತಾರೇನೇ? ಅವರು ತಲುಪಬೇಕು, ಆಮೇಲೆ ಗುಡಿಸೋದು. ಯಾವಾಗ ಸೇರ್ತಾರೆ?”

“ಮೇಲಿರುವ ಬಾಹ್ಯಾಕಾಶ ನಿಲ್ದಾಣಕ್ಕೆ... ಸಂಜೆ.”

“ಹಾಗಾದ್ರೆ ಸಂಜೆವರೆಗೂ ಬಿದ್ದಿರ್ಲಿ.”

ಆಫೀಸಿನಿಂದ ಬಂದ ಶಿಶಿರ ಬಾಗಿಲಲ್ಲೇ ನಿಂತ. “ಏನಮ್ಮಾ ಇದು, ಕಾರ್ಪೆಟ್ ಮೇಲೆ ಬಫೆನಾ?”

“ತುಳೀಬೇಡ, ಗೋಡೆ ಪಕ್ಕದಿಂದ ಬಾ. ಬೀಗರು ಇನ್ನೂ ದಾರೀಲಿದ್ದಾರೆ.”

ಬೀಗರು! ಯೂಟಿಂಗ್ ತಟ್ಟನೆ ತಲೆಯೆತ್ತಿದಳು. ಕಲ್ಯಾಣಿ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ.

ಹೊರಗೆ ಇನ್ನೂ ಬೆಳಕಿರುವಾಗಲೇ ಪರದೆಯ ಮೇಲೆ ನಿಲ್ದಾಣದ ಬಾಗಿಲು ತೆರೆಯಿತು. ನರೆಗೂದಲಿನ ಆ ಮನುಷ್ಯ ನೀರಿನಲ್ಲಿ ತೇಲಿದಂತೆ ಒಳಗೆ ಬಂದು ನಕ್ಕ. ಕಲ್ಯಾಣಿ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತಳು. ಯೂಟಿಂಗ್ ಬಿಕ್ಕುತ್ತ ಹೂವರ್‌ಗೆ ಕೈ ಚಾಚಿದಾಗ ಕಲ್ಯಾಣಿಯೇ ಅದನ್ನು ಮೆಲ್ಲನೆ ತನ್ನತ್ತ ಎಳೆದುಕೊಂಡಳು.

“ನೀನು ಕೂತ್ಕೋಮ್ಮ... ನಿಮ್ಮಪ್ಪನ್ನ ನೋಡು. ನಾನು ಗುಡಿಸ್ತೀನಿ.”