ಉದ್ಘಾಟನಾ ಚಿತ್ರ ನಾಪತ್ತೆ

ಬೆಳಿಗ್ಗೆ ಹತ್ತಕ್ಕೆ ದೊಡ್ಡಮ್ಮ ಚಿತ್ರಮಂದಿರದ ಕಪಾಟು ತೆಗೆದರು. ಡಬ್ಬಿ ಇತ್ತು. ಒಳಗಿನ ಹಾರ್ಡ್ ಡಿಸ್ಕ್ ಮಂಗಮಾಯ!

ಸಂಜೆ ಆರಕ್ಕೆ ಆ ಡಿಸ್ಕಿನಲ್ಲಿದ್ದ ಚಿತ್ರದಿಂದಲೇ ಅಂತರರಾಷ್ಟ್ರೀಯ ಚಿತ್ರೋತ್ಸವ ಶುರುವಾಗಬೇಕು. ಹದಿನೆಂಟು ವರ್ಷ ಯಾರ ಹಂಗೂ ಇಲ್ಲದೆ ದೊಡ್ಡಮ್ಮ ನಡೆಸಿಕೊಂಡು ಬಂದ ಉತ್ಸವ. ಸಾಂಕ್ರಾಮಿಕ ಬಂದು ಚಿತ್ರಮಂದಿರಕ್ಕೆ ಬೀಗ ಬಿದ್ದ ಮೇಲೆ ಈ ಸಲ ಆನ್‌ಲೈನ್. ಮೊದಲ ದಿನವೇ ಮುಗ್ಗರಿಸಿದರೆ ಮುಂದೆ ಯಾರೂ ಚಿತ್ರ ಕಳಿಸುವುದಿಲ್ಲ, ಉತ್ಸವದ ಕಥೆ ಮುಗಿದಂತೆ. ಚಿತ್ರದ ನಿರ್ದೇಶಕನೋ ದೂರದ ದೇಶದ ಗುಡ್ಡದ ಮೇಲಿದ್ದಾನೆ. ಅಲ್ಲಿನ ಇಂಟರ್ನೆಟ್ಟಿನಲ್ಲಿ ಮತ್ತೆ ಕಳಿಸಲು ನಾಲ್ಕು ದಿನ ಬೇಕಂತೆ.

ದೊಡ್ಡಮ್ಮ ತಂಗಿಯ ಮಗಳಿಗೆ ಫೋನ್ ಮಾಡಿದರು. ಅವಳು ಉತ್ಸವದ ಚಿತ್ರಗಳಿಗೆ ಸಬ್‌ಟೈಟಲ್ ಬರೆಯುವವಳು. ಅದಕ್ಕೆಂದು ಅವಳಿಗೆ ಸಿಗುವುದು ಪ್ರದರ್ಶನಕ್ಕೆ ಬಾರದ ಮಸುಕು ಪ್ರತಿ ಮಾತ್ರ. ನಟರ ತುಟಿ ನೋಡಿ ಸಾಲು ಹೊಂದಿಸುವುದೇ ಕಸುಬು. ಅವಳಿರುವ ಕೋಣೆಯಲ್ಲಿ ಪಿಸುಗುಡಲೂ ಮನೆಯವರಿಗೆ ಭಯ.

“ಬೀಗ ಮುರಿದಿದ್ಯಾ, ದೊಡ್ಡಮ್ಮಾ?”

“ಇಲ್ಲ ಕಣೇ. ಕೀಲಿ ಇರೋದು ಮೂವರ ಹತ್ರ. ನಾನು, ಟೆಕ್ನಿಷಿಯನ್, ನಮ್ಮ ಆಪರೇಟರ್.”

*

ಟೆಕ್ನಿಷಿಯನ್ ವಿಡಿಯೋ ಕರೆಯಲ್ಲೇ ಬೆವರುತ್ತಿದ್ದ.

“ಕಾಪಿ ಯಾಕೆ ಮಾಡಿಟ್ಟಿಲ್ಲ?” ದೊಡ್ಡಮ್ಮ ಕೇಳಿದರು.

“ಇವತ್ತು ಮಾಡೋಣ ಅಂತಿದ್ದೆ, ಅಕ್ಕಾ.”

“ಹೋದ ವಾರ ಇನ್ನೊಂದು ಚಿತ್ರೋತ್ಸವದವರ ಜೊತೆ ಮಾತಾಡಿದೆಯಂತೆ?”

“ಕೆಲಸ ಕೇಳಿದ್ದೆ. ಅಷ್ಟಕ್ಕೇ ಕಳ್ಳ ಆಗ್ಬಿಟ್ನಾ?”

ದೊಡ್ಡಮ್ಮ ಪೊಲೀಸರನ್ನು ಕರೆಯುವುದೊಂದು ಬಾಕಿ.

“ತಡೀರಿ ದೊಡ್ಡಮ್ಮಾ,” ಎಂದಳು ಕರೆಯಲ್ಲಿದ್ದ ತಂಗಿಯ ಮಗಳು. “ಇವನು ಕದಿಯೋದಾಗಿದ್ರೆ ಕಾಪಿ ಮಾಡ್ಕೊಂಡು ಡಿಸ್ಕನ್ನ ಅಲ್ಲೇ ಇಡ್ತಿದ್ದ. ಯಾರಿಗೂ ಗೊತ್ತಾಗ್ತಿರಲಿಲ್ಲ. ಡಿಸ್ಕನ್ನೇ ಎತ್ಕೊಂಡು ಹೋಗಿದಾರೆ ಅಂದ್ರೆ, ಅವರು ಸಿನಿಮಾನ ರೀಲಿನ ಹಾಗೆ ಹೊರೋ ಸಾಮಾನು ಅಂತ ತಿಳಿದೋರು.”

“ಆಪರೇಟರಾ? ಛೆ! ಆರು ವಾರದಿಂದ ಮೀಟಿಂಗಲ್ಲಿ ಎಲ್ಲದಕ್ಕೂ ತಲೆಯಾಡಿಸ್ತಾ ಕೂತಿದಾರೆ. ಒಂದು ಮಾತಿಲ್ಲ.”

ಅವಳ ಕಿವಿ ನೆಟ್ಟಗಾಯಿತು. ಆಪರೇಟರ್ ಮಾಮ ಮಾತಿಲ್ಲದೆ ಕೂರುವುದೇ? ಮೂವತ್ತು ವರ್ಷ ರೀಲು ಓಡಿಸಿದ ಮನುಷ್ಯ ಚಿತ್ರ ನಡೆಯುವಾಗಲೂ ಬಾಯಿಗೆ ಬಿಡುವು ಕೊಟ್ಟವರಲ್ಲ.

ಮೀಟಿಂಗ್‌ಗಳ ರೆಕಾರ್ಡಿಂಗ್ ತರಿಸಿಕೊಂಡಳು. ಹದಿನಾಲ್ಕು ಮುಖಗಳ ನಡುವೆ ಅಂಚೆಚೀಟಿಯಷ್ಟು ಮಾಮ. ದೊಡ್ಡದು ಮಾಡಿ ನೋಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ ದೊಡ್ಡಮ್ಮನಿಗೆ ಫೋನ್ ಮಾಡಿದಳು.

*

ಮಧ್ಯಾಹ್ನ ಎರಡಕ್ಕೆ ತುರ್ತು ಮೀಟಿಂಗ್.

“ಮಾಮ, ಕೆಳಗೆ ಎಡಗಡೆ ಮೈಕಿನ ಗುರುತಿದೆ. ಒತ್ತಿ.”

“ಒತ್ತಿದ್ರೆ ಏನಾಗತ್ತಮ್ಮಾ?”

ಆ ಗುಡುಗಿಗೆ ಉಳಿದವರೆಲ್ಲ ಬೆಚ್ಚಿಬಿದ್ದರು.

“ಡಿಸ್ಕ್ ನಿಮ್ಮ ಹತ್ರ ಇದೆ ಅಲ್ವಾ?”

“ಇದೆ. ಸ್ವೆಟರ್ ಸುತ್ತಿ ಇಟ್ಟಿದೀನಿ. ಒಂದು ಗೀರೂ ಬಿದ್ದಿಲ್ಲ.”

“ಯಾಕಣ್ಣಾ ಹೀಗ್ಮಾಡಿದ್ರಿ?” ದೊಡ್ಡಮ್ಮ ಕೇಳಿದರು.

“ಆರು ವಾರದಿಂದ ಬಡ್ಕೋತಾ ಇದೀನಲ್ಲಾ! ಈ ಚಿತ್ರದ ನೆಲಮಾಳಿಗೆ ದೃಶ್ಯ ಪೂರಾ ಕತ್ತಲು. ಮನೇಲಿ ದೀಪ ಹಾಕ್ಕೊಂಡು ಸಣ್ಣ ಪರದೇಲಿ ನೋಡಿದ್ರೆ ಏನೂ ಕಾಣಲ್ಲ. ಯಾರಾದ್ರೂ ಹೂಂ ಅಂದ್ರಾ? ಥಿಯೇಟರ್ ಮುಚ್ಚಿತು, ಇನ್ನು ಈ ಮುದುಕನ ಮಾತು ಯಾರಿಗೆ ಬೇಕು ಅಂತ ಸುಮ್ನಾದ್ರಿ ಅಂದ್ಕೊಂಡೆ. ಡಿಸ್ಕ್ ಇಲ್ದಿದ್ರೆ ಥಿಯೇಟರ್ ತೆಗೆಯೋವರೆಗೆ ಕಾಯ್ತೀರಲ್ಲಾ!”

“ಮಾಮ, ನಿಮ್ಮ ಮೈಕು ಒಂದು ದಿನವೂ ಆನ್ ಆಗಿರಲಿಲ್ಲ. ರೆಕಾರ್ಡಿಂಗಲ್ಲಿ ನಿಮ್ಮ ತುಟಿ ನೋಡಿದೆ. ‘ಕತ್ತಲು’, ‘ಕಾಣಲ್ಲ’, ಇದೇ ಮಾತು ಎಂಟು ಸಲ. ಕೊನೇ ಮೀಟಿಂಗಲ್ಲಿ ‘ನಾನೇ ಎತ್ಕೊಂಡು ಹೋಗ್ತೀನಿ’ ಅಂತಾನೂ ಹೇಳಿದೀರಿ. ಕಳ್ಳತನಕ್ಕೆ ಮುಂಚೆ ನೋಟಿಸ್ ಕೊಟ್ಟ ಕಳ್ಳನನ್ನ ನಾನು ಇವತ್ತೇ ನೋಡಿದ್ದು!”

ಎಲ್ಲರೂ ನಕ್ಕರು. ಮಾಮ ನಗಲಿಲ್ಲ. “ಈ ಟೆಕ್ನಿಷಿಯನ್ ಮೇಲೆ ಬರತ್ತೆ ಅಂತ ಹೊಳೀಲಿಲ್ಲ. ಕ್ಷಮಿಸಪ್ಪಾ.”

“ತಪ್ಪು ನಮ್ಮದೂ ಇದೆ ಅಣ್ಣಾ,” ಎಂದರು ದೊಡ್ಡಮ್ಮ. “ನಿಮ್ಮನ್ನ ಒಂದು ಮಾತು ಕೇಳಲಿಲ್ಲ. ಈಗ ಕೇಳ್ತಿದೀನಿ. ಏನು ಮಾಡೋಣ?”

*

ಆರಕ್ಕೆ ಐದು ನಿಮಿಷವಿತ್ತು. ಹೊರಗೆ ಮುಸ್ಸಂಜೆ. ಮೂವತ್ತೊಂದು ದೇಶಗಳ ಪರದೆಗಳಿಂದ ಮಾಮನ ದನಿ ಕೇಳಿತು: “ದಯವಿಟ್ಟು ಮನೆಯ ದೀಪ ಆರಿಸಿ. ಕಿಟಕಿಯ ಪರದೆ ಎಳೆಯಿರಿ.” ಕೆಳಗೆ ಅವಳ ಸಬ್‌ಟೈಟಲ್ ಓಡಿತು.

ಚಿತ್ರ ಬಿಡುವ ಗುಂಡಿ ಚಿತ್ರಮಂದಿರದಲ್ಲಿ ಕೂತಿದ್ದ ಮಾಮನ ಬೆರಳಡಿಯಲ್ಲೇ ಇತ್ತು. ಆದರೂ ಅವಳಿಗೆ ಫೋನ್ ಬಂತು.

“ಆರಿಸಿದ್ರೇನಮ್ಮಾ? ಹಾಲ್ ಕತ್ತಲಾಗದೆ ನನಗೆ ಶುರು ಮಾಡೋಕೆ ಬರಲ್ಲ.”

ಅವಳು ಕಿಟಕಿಗೆ ಬಂದಳು. ಎದುರಿನ ಕಟ್ಟಡದಲ್ಲಿ ಒಂದು ಕಿಟಕಿಯ ದೀಪ ಆರಿತು. ಅದರ ಮೇಲಿನದೂ ಆರಿತು. ಕೊನೆಗೆ ಮೂಲೆಯದು.

“ಮೂರು ಮನೆ, ಮಾಮ.”

“ಸಾಕು,” ಎಂದು ಮಾಮ ಗುಂಡಿ ಒತ್ತಿದರು.