ಮುಂದಿನ ಕಿಡಕಿ ಸೀಟು

"ಮುಂದಿನ ಕಿಡಕಿ ಸೀಟ ನಂದು. ಅದರ ಮ್ಯಾಲ ಕಣ್ಣ ಹಾಕಿದವ್ರು ಬಾದಾಮಿ ಮುಟ್ಟಂಗಿಲ್ಲ."

ಭಾಗ್ಯಾ ಸೊಂಟದ ಮೇಲೆ ಕೈಯಿಟ್ಟು, ದನಿ ದಪ್ಪ ಮಾಡಿ, ಸಿನಿಮಾ ಹೀರೋ ಹಾಗೆ ಡೈಲಾಗ್ ಹೊಡೆದಳು. ಮನೆಯಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಅಪ್ಪ ಸಂಗಣ್ಣ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ. ಬಾದಾಮಿ, ಪಟ್ಟದಕಲ್ಲು ನೋಡಿಕೊಂಡು ಮೋರಟಗಿಗೆ ವಾಪಸ್ ಬರಲು ಮೋದಿನಸಾಬನ ಕ್ರೂಸರ್ ಗಾಡಿಗೆ ಆರು ಸಾವಿರ. ಮನೆಯ ಮೂವರೇ ಅಷ್ಟು ಕೊಡುವುದು ಆಗದ ಮಾತು. ಓಣಿಯವರು ಸೇರಿ ಹನ್ನೆರಡು ಮಂದಿಯಾದರೆ ತಲೆಗೆ ಐನೂರು. ಹೋಟೆಲ್ ಇಲ್ಲ, ಮನೆಯ ಕಟಕ ರೊಟ್ಟಿ, ಶೇಂಗಾ ಚಟ್ನಿ.

ಮಂದಿ ಕೂಡಿದರು. ಶ್ರೀಶೈಲಪ್ಪ ಮಾಸ್ತರ ಮನೆಯವರು ಐವರು, ಎದುರು ಮನೆಯವರು ಮೂವರು, ಪಕ್ಕದ ಮನೆಯ ಸುಂದರವ್ವ ಆಯಿ ಒಬ್ಬಳು.

ತೊಂದರೆ ಬಂದದ್ದು ಆಯಿಯಿಂದ. ಗಾಡಿ ಹತ್ತಿದರೆ ಅವಳಿಗೆ ವಾಂತಿ. ಅದಕ್ಕೇ ಮುಂದಿನ ಕಿಡಕಿ ಸೀಟು ಅವಳಿಗೆ ಹೋಯಿತು.

"ನೀ ನಡುವ ಕುಂದ್ರು, ಗೇರಿನ ಬಾಜೂಕ," ಅಂದಳು ಅವ್ವ.

ಭಾಗ್ಯಾ ಸೀದಾ ಸುಂದರವ್ವನ ಮನೆಗೆ ನಡೆದಳು. ಆಯಿ ರೊಟ್ಟಿ ಬಡಿಯುತ್ತಿದ್ದಳು.

"ಆಯಿ, ಬಾದಾಮಿ ಮಂಗ್ಯಾಗಳ ಸುದ್ದಿ ಗೊತ್ತೈತೇನು? ಮುದುಕ್ಯಾರನ್ನ ಕಂಡ್ರ ಬಿಡಂಗಿಲ್ಲಂತ. ಚಾಳೀಸ ಕಸಗೊಂಡು, ತಾವ ಹಾಕ್ಕೊಂಡು, ಗುಡ್ಡ ಏರ್ತಾವಂತ."

ಆಯಿ ಮೂಗಿನ ಮೇಲಿನ ಚಾಳೀಸು ಮುಟ್ಟಿ ನೋಡಿಕೊಂಡಳು. ಕೆಲಸ ಆಯಿತು ಎಂದುಕೊಂಡು ಭಾಗ್ಯಾ ಸ್ಲೋ ಮೋಶನ್‌ನಲ್ಲಿ ಹೊರಬಂದಳು.

ಮರುದಿನ ನಳದ ಹತ್ತಿರ ಆ ಕತೆ ದೊಡ್ಡದಾಗಿತ್ತು. ಮಂಗಗಳು ಚಾಳೀಸು ಬಿಟ್ಟು ಕೂಸನ್ನೇ ಎತ್ತಿಕೊಂಡು ಹೋಗಿದ್ದವು. ಮಾಸ್ತರ ಹೆಂಡತಿ ತಮ್ಮ ಮನೆಯಿಂದ ಯಾರೂ ಬರುವುದಿಲ್ಲ ಅಂದಳು. ಎದುರು ಮನೆಯವರೂ ಜಾರಿಕೊಂಡರು.

ಮಧ್ಯಾಹ್ನ ಮೋದಿನಸಾಬ ಫೋನ್ ಮಾಡಿ, ಬೇರೆ ಬಾಡಿಗೆ ಬಂದಿದೆ, ಹಿಡಿಯಲೇನು ಎಂದು ಕೇಳಿದ. ಸಂಜೆಗೆ ಹೇಳುತ್ತೇನೆಂದು ಅಪ್ಪ ಫೋನ್ ಇಟ್ಟ.

"ಉಳದವ್ರಿಗೆ ತಲಿಗೆ ಒಂದೂವರಿ ಸಾವಿರ ಬೀಳತೈತಿ. ಬ್ಯಾಡ ಬಿಡು. ಮುಂದಿನ ವರ್ಷ ನೋಡೂಣು."

ಅವ್ವ ಹೊರಗೆ ತೆಗೆದಿಟ್ಟಿದ್ದ ಹೊಸ ಸೀರೆಯನ್ನು ಮತ್ತೆ ಟ್ರಂಕಿನೊಳಗೆ ಇಟ್ಟಳು.

ಸಿನಿಮಾದಲ್ಲಾದರೆ ಈಗ ಎಲ್ಲರೂ ಕೂಡಿ ವಿಲನ್ನನ್ನು ಹಿಡಿದು ಬಾರಿಸುತ್ತಿದ್ದರು. ಈ ವಿಲನ್ನಿಗೆ ಎರಡು ಜಡೆ, ಓದುವುದು ಐದನೇ ಕ್ಲಾಸು.

ಭಾಗ್ಯಾ ಓಡಿದಳು. ಆಯಿ ರೊಟ್ಟಿಗಳನ್ನು ಬಿಸಿಲಿಗೆ ಹರವುತ್ತಿದ್ದಳು.

"ಆಯಿ, ನಾ ಸುಳ್ಳ ಹೇಳೀನಿ. ನೀ ಬಾ."

"ನಾ ಬರಂಗಿಲ್ಲಂತ ಎಲ್ಲಿ ಅಂದೀನಿ? ಮಂಗ್ಯಾ ಚಾಳೀಸ ಹಾಕ್ಕೋತಾವಂದ್ರ ನಗಿ ಬಂತು. ನಳದ ಹತ್ರ ಹೇಳಿ ನಕ್ಕೆ. ಮಂದಿ ಅಂಜಿ ಕುಂತಾರ."

"ಮತ್ತ ಇಷ್ಟ ರೊಟ್ಟಿ?"

"ಹನ್ನೆರಡ ಮಂದೀಗಿ. ಹುಟ್ಟಿದಾಗಿಂದ ಬಾದಾಮಿ ಕ್ಯಾಲೆಂಡರದಾಗಷ್ಟ ನೋಡೀನಿ. ನೀ ಕೆಡಿಸೀದಿ, ನೀನ ಸರಿ ಮಾಡ. ನಡಿ."

ಆಯಿ ತನ್ನ ಚಾಳೀಸನ್ನು ಭಾಗ್ಯಾಳ ಮೂಗಿಗೆ ಏರಿಸಿ, ಒಂದು ರೊಟ್ಟಿ, ಬಡಿಗೆ ಹಿಡಿದು ಹೊರಟಳು. ನಳದ ಹತ್ತಿರ ಓಣಿಯೆಲ್ಲ ಕೊಡ ಹಿಡಿದು ನಿಂತಿತ್ತು. ಸುಳ್ಳು ಹುಟ್ಟಿಸಿದ್ದು ತಾನೇ ಎಂದು ಭಾಗ್ಯಾ ಎಲ್ಲರೆದುರು ಒಪ್ಪಿಕೊಂಡಳು. ಮಾಸ್ತರ ಹೆಂಡತಿ ಅವಳನ್ನು ದುರುಗುಟ್ಟಿ ನೋಡಿದಳು. ಆಗ ಭಾಗ್ಯಾ ಮಂಗನಂತೆ ಕುಣಿದು ಆಯಿಯ ಕೈಯಿಂದ ರೊಟ್ಟಿ ಕಸಿದಳು. ಆಯಿ ಬಡಿಗೆ ನೆಲಕ್ಕೆ ಕುಟ್ಟಿದ್ದೇ ತಡ, ಮಂಗ ಕೊಡಗಳ ನಡುವೆ ಬಿದ್ದು ಎದ್ದು ಓಡಿತು. ಮಾಸ್ತರ ಹೆಂಡತಿ ನಗು ತಡೆಯಲಾರದೆ ಕೊಡ ಕೆಳಗಿಟ್ಟಳು.

ಸಂಜೆಗೆ ಹನ್ನೆರಡು ಮಂದಿ ಮತ್ತೆ ಕೂಡಿದರು.

ಭಾನುವಾರ ನಸುಕಿನಲ್ಲಿ ಕ್ರೂಸರ್ ತುಂಬಿತು. ಆಯಿ ಮಾತ್ರ ಬಂದಿರಲಿಲ್ಲ. ಮೋದಿನಸಾಬ ಎರಡು ಸಲ ಹಾರ್ನ್ ಹೊಡೆದ. ಮಾಸ್ತರ ಮಗ ಮುಂದಿನ ಕಿಡಕಿಯ ಕಡೆ ಬಂದ. ಭಾಗ್ಯಾ ಆ ಸೀಟಿನ ಮೇಲೆ ಎರಡೂ ಕೈ ಊರಿ ಕೂತಿದ್ದಳು.

"ಆಯಿದು," ಅಂದಳು. ಡೈಲಾಗ್ ಏನೂ ಹೊಡೆಯಲಿಲ್ಲ.

ಆಯಿ ರೊಟ್ಟಿಯ ಗಂಟು ಹೊತ್ತು ಏದುಸಿರು ಬಿಡುತ್ತ ಬಂದಳು. ಯಾರೂ ಹೇಳುವ ಮೊದಲೇ ಭಾಗ್ಯಾ ಗೇರಿನ ಪಕ್ಕಕ್ಕೆ ಸರಿದು, ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಗಾಡಿ ಊರು ದಾಟಿತು. ಜೋಳದ ಹೊಲದ ತಂಪು ಗಾಳಿ ಕಿಡಕಿಯಿಂದ ನುಗ್ಗಿ, ಆಯಿಯ ಸೆರಗು ಹಾರಿಸಿ, ಭಾಗ್ಯಾಳ ಮುಖಕ್ಕೂ ಬಡಿಯಿತು.