ಗುರುಗ್ರಹದ ಪಕ್ಕದ ಹೆಸರು

"ಈ ಬಣ್ಣ ಸರಿಯಿಲ್ಲ ಮೇಡಂ."

ಮಂಡ್ಯದ ವಿಜ್ಞಾನ ಮೇಳದಲ್ಲಿ, ಅಷ್ಟು ಜನರ ಮುಂದೆ, ತಾನು ತೂಗುಹಾಕಿದ್ದ ಗುರುಗ್ರಹದ ಚಿತ್ರ ನೋಡಿ ಯಾರೋ ಹೀಗೆಂದಾಗ ಶೋಭಿತಾಳ ಕೆನ್ನೆ ಬಿಸಿಯಾಯಿತು.

ಅವಳು ಮಳವಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಗುರುಗ್ರಹವನ್ನು ಸುತ್ತುತ್ತಿರುವ ಜೂನೋ ನೌಕೆ ಕಳಿಸಿದ ಹಸಿ ಚಿತ್ರಗಳನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು, ವಾರಗಟ್ಟಲೆ ಕೂತು ತಾನೇ ಬಣ್ಣ ಕೂಡಿಸಿದ್ದಳು. ಅದಕ್ಕೆ ಈ ಮಾತು!

'ಹೇಳೋಕೆ ಇವನ್ಯಾರು?'

ವಿಚಾರಿಸಿದಳು. ಹೆಸರು ದೇವರಾಜು, ಮದ್ದೂರಿನ ಹತ್ತಿರ ಸೋಮನಹಳ್ಳಿಯಲ್ಲಿ ಬಣ್ಣದ ಪ್ರಿಂಟಿಂಗ್ ಪ್ರೆಸ್ಸು.

ಶನಿವಾರ ಶಾಲೆ ಬಿಟ್ಟದ್ದೇ ತಡ, ಲ್ಯಾಪ್‌ಟಾಪ್ ಹಿಡಿದು ಅವನ ಪ್ರೆಸ್ಸಿಗೆ ಬಸ್ಸು ಹತ್ತಿದಳು. ಸುಮ್ಮನಿರುವ ಜಾಯಮಾನ ಅವಳದಲ್ಲ.

ನೌಕೆ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆಬೇರೆಯಾಗಿ ಕಳಿಸುತ್ತದೆಂದು ಅವಳು ವಿವರಿಸಿದಳು. ಒಂದರ ಮೇಲೊಂದು ಬಣ್ಣ ಕೂರಿಸುವುದೇ ತನ್ನ ಕಸುಬೆಂದು ಅವನು ಮೆಲ್ಲಗೆ ನಕ್ಕ. ಅವನ ಕೈಯಲ್ಲಿ ಬಿರುಗಾಳಿಯ ಸುಳಿಗಳ ಅಂಚು ಚೊಕ್ಕವಾಗಿ ಕೂತಿತು. ಗ್ರಹದ ನಿಜವಾದ ಬಣ್ಣ ಮಾತ್ರ ಹಾಲು ಬೆರೆಸಿದ ರಾಗಿಗಂಜಿಯಷ್ಟು ತೆಳು!

ಮಕ್ಕಳಿಗೆ ಸುಳಿಗಳು ಕಾಣಲೆಂದೇ ಬಣ್ಣ ಏರಿಸಿದ್ದಾಗಿ ಶೋಭಿತಾ ಒಪ್ಪಿಕೊಂಡಳು. ಹಾಗಾದರೆ ಅದನ್ನು ಬರೆದು, ಎರಡು ಚಿತ್ರಗಳನ್ನೂ ಅಕ್ಕಪಕ್ಕ ಅಚ್ಚು ಹಾಕೋಣ ಎಂದ ದೇವರಾಜು.

ಆಮೇಲೆ ಪ್ರತಿ ಶನಿವಾರವೂ ಆ ಬಸ್ಸೇ...

ಮೂರು ತಾಲ್ಲೂಕಿನ ಶಾಲೆಗಳಿಗೆ ಪೋಸ್ಟರ್ ಸಿದ್ಧವಾಯಿತು. ಇಬ್ಬರ ಹೆಸರೂ ಇರಲೆಂದು ಅವಳು ಒತ್ತಿ ಹೇಳಿದ್ದಳು. ಬಂದ ಪೋಸ್ಟರಿನಲ್ಲಿ ಅವಳ ಹೆಸರೊಂದೇ ಇತ್ತು.

'ನನ್ನ ಹೆಸರಿನ ಪಕ್ಕ ನಿಲ್ಲೋದೂ ಬೇಡವಾಯ್ತಾ?'

ಎರಡು ಶನಿವಾರ ಅವಳು ಹೋಗಲಿಲ್ಲ. ಯಾವ ಪಾಠದಲ್ಲೂ ಮನಸ್ಸು ನಿಲ್ಲಲಿಲ್ಲ. ಕೇಳದೆ ಕೊರಗುವುದು ತನಗೆ ಒಗ್ಗದೆಂದು ಮೂರನೆಯ ಶನಿವಾರ ಹೊರಟೇಬಿಟ್ಟಳು.

ಅವಳನ್ನು ಕಂಡು ದೇವರಾಜು ಮಿಷನ್ ನಿಲ್ಲಿಸಿದ. ಯಾಕೆ ಹೀಗೆ ಮಾಡಿದಿರಿ ಎಂದು ನೇರವಾಗಿ ಕೇಳಿದಳು.

"ಊರೂರ ಗೋಡೆ ಮ್ಯಾಲೆ ನಮ್ಮಿಬ್ರ ಎಸ್ರು ಜೊತೇಲಿದ್ರೆ ಜನ ಆಡ್ಕತಾರೆ ಮೇಡಂ. ನಿಮ್ಗೆ ಕೆಟ್ಟೆಸ್ರು ಬರಬಾರ್ದು ಅಂತ ತೆಗ್ದೆ..."

"ಆಡ್ಕೊಳ್ಳಿ ಬುಡಿ. ಇರೋದನ್ನ ತಾನೇ ಆಡ್ಕೊಳ್ಳೋದು?"

ಅವನು ತಲೆಯೆತ್ತಿದ. ಅವಳು ಅವನನ್ನೇ ನೋಡುತ್ತ ಕೇಳಿದಳು.

"ನಮ್ಮ ಮದ್ವೆ ಪತ್ರಿಕೇಲೂ ನಿಮ್ಮ ಹೆಸ್ರು ಬಿಟ್ಟೇ ಅಚ್ಚು ಹಾಕ್ತೀರಾ?"

ಅವನು ಶಾಯಿಯ ಕೈಗಳನ್ನು ಬಟ್ಟೆಗೆ ಒರೆಸಿಕೊಂಡ. ಕಣ್ಣು ತುಂಬಿತ್ತು.

"ನಿಮ್ಮಪ್ಪಾರನ್ನ ಕೇಳಕ್ಕೆ... ಯಾವಾಗ ಬರ್ಲಿ?"

"ನಾಳೆ ಭಾನುವಾರ. ಊಟಕ್ಕೇ ಬನ್ನಿ."

"ಬತ್ತೀನಿ, ಶೋಭಿತಾ," ಎಂದ. ಮೇಡಂ ಎನ್ನಲಿಲ್ಲ.